ಕಡೆಯುವ ಕಲ್ಲು, ಮಂಗಳೂರು ಹಂಚು ಮತ್ತು ನಿಮ್ಮ ಮಗಳು

ಐವರ್ನಾಡಿನ ಅಕ್ಕನಿಗೆ,

ನಿಮ್ಮ ಕಾಗದ ಸಿಕ್ಕಿತು. ಮಗಳು ಡ್ರಾಯಿಂಗ್ ಹೈಯರ್ ಗ್ರೇಡ್ ಪಾಸು ಮಾಡಿ, ಪಿಯುಸಿಯನ್ನೂ ಮುಗಿಸಿ, ಈಗ ಮೈಸೂರಿಗೆ ಹೋಗಿ ಚಿತ್ರಕಲೆಯನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಭಾವನವರು 'ಬಿಕಾಂ ಆಗಲಿ, ಚಿತ್ರ ಬೇಕಾದರೆ ಆದಿತ್ಯವಾರ ಬಿಡಿಸಲಿ' ಅನ್ನುತ್ತಿದ್ದಾರೆ. ನಡುವೆ ಸಿಕ್ಕಿಬಿದ್ದವರು ನೀವು. ಅದರ ಮೇಲೆ ಅವಳು ಮೊಬೈಲಿನಲ್ಲಿ ಯಾವುದೋ ಪ್ರದರ್ಶನದ ಫೋಟೋ ತೋರಿಸಿದಳಂತೆ; ನೋಡಿದರೆ ರಾಶಿ ರಾಶಿ ಕಡೆಯುವ ಕಲ್ಲು! 'ಇಂಥದ್ದು ನಮ್ಮ ಹಟ್ಟಿಯ ಹಿಂದೆ ಎರಡು ಬಿದ್ದುಕೊಂಡುಂಟು, ಯಾರೂ ಬಂದು ನೋಡಿದ್ದಿಲ್ಲ. ಈ ಕಲಾವಿದರು ಇಡೀ ದಿನ ಮಾಡುವುದಾದರೂ ಏನು, ಇಬ್ಬರು ಒಟ್ಟಿಗೆ ಕೂತರೆ ಏನು ಮಾತಾಡಿಕೊಳ್ಳುತ್ತಾರೆ, ಸ್ವಲ್ಪ ತಿಳಿಸಿ ಮಾರಾಯ್ರೆ' ಎಂದು ಕೇಳಿದ್ದೀರಿ.

ಒಳ್ಳೆಯ ಪ್ರಶ್ನೆ. ಕಲಾ ವಿಮರ್ಶಕರು ಕೇಳುವುದಕ್ಕಿಂತ ಒಳ್ಳೆಯದು ಅಂತಲೇ ನನಗೆ ಅನಿಸಿತು.

ಮೊದಲು ಆ ಕಲ್ಲುಗಳ ವಿಷಯ. ಅದು ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನದ ಮೊದಲ ಆವೃತ್ತಿಯದ್ದು. 2012ರ ಡಿಸೆಂಬರ್ 12ರಂದು, ಅಂದರೆ 12-12-12ಕ್ಕೆ, ಫೋರ್ಟ್ ಕೊಚ್ಚಿಯ ಹಳೆಯ ಗೋದಾಮುಗಳಲ್ಲಿ ಅದು ಶುರುವಾಯಿತು. ಮುಖ್ಯ ಜಾಗ ಆಸ್ಪಿನ್‌ವಾಲ್ ಹೌಸ್. ಇಂಗ್ಲಿಷರ ಕಾಲದಲ್ಲಿ ಕರಿಮೆಣಸು, ಶುಂಠಿ, ತೆಂಗಿನೆಣ್ಣೆ, ಕಾಫಿ ಎಲ್ಲ ಕೂಡಿಟ್ಟು ಹಡಗು ಹತ್ತಿಸುತ್ತಿದ್ದ ಕಟ್ಟಡ. ಕಲ್ಲುಗಳ ಕೃತಿಯ ಹೆಸರು 'ಸ್ಟಾಪ್‌ಓವರ್'. ಮಾಡಿದವರು ಬೆಂಗಳೂರಿನ ಶೀಲಾ ಗೌಡ ಮತ್ತು ಅವರ ಪತಿ, ಸ್ವಿಟ್ಜರ್ಲೆಂಡ್ ಮೂಲದ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್. ನೂರೆಪ್ಪತ್ತರ ಆಸುಪಾಸು ಒರಳುಕಲ್ಲುಗಳು, ಕರ್ನಾಟಕದಿಂದ ಲಾರಿಯಲ್ಲಿ ಕೊಚ್ಚಿಗೆ ಹೋದವು.

ಅವು ಅಂಗಡಿಯಿಂದ ಕೊಂಡ ಹೊಸ ಕಲ್ಲುಗಳಲ್ಲ. ಬೆಂಗಳೂರಿನಲ್ಲಿ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟುವಾಗ ಬಾಗಿಲು, ಕಿಟಕಿ, ಮರ, ಕಬ್ಬಿಣ ಎಲ್ಲ ಮಾರಾಟವಾಗುತ್ತದೆ. ಒರಳುಕಲ್ಲು ಮಾತ್ರ ಉಳಿಯುತ್ತದೆ. ಅದನ್ನು ಒಡೆಯಲು ಯಾರಿಗೂ ಮನಸ್ಸಾಗುವುದಿಲ್ಲ, ಅನ್ನ ಕೊಟ್ಟ ಕಲ್ಲು ನೋಡಿ. ಹೊಸ ಫ್ಲ್ಯಾಟಿನ ಅಡುಗೆಮನೆಯಲ್ಲಿ ಇಡುವುದಕ್ಕೆ ಜಾಗವೂ ಇಲ್ಲ. ಕೊನೆಗೆ ರಸ್ತೆಬದಿಯ ಮರದಡಿಗೋ ಖಾಲಿ ಸೈಟಿನ ಮೂಲೆಗೋ ಅದನ್ನು ಉರುಳಿಸಿ ಬರುತ್ತಾರೆ. ಅಂಥ ಕಲ್ಲುಗಳನ್ನು ಇವರು ಹುಡುಕಿ ಒಟ್ಟು ಮಾಡಿದರು. ಹಿಂದೊಮ್ಮೆ ಯಾವ ಬಂದರಿನಿಂದ ಮೆಣಸು, ಏಲಕ್ಕಿ ದೇಶ ಬಿಟ್ಟು ಹೋಯಿತೋ ಅದೇ ಬಂದರಿಗೆ ಆ ಮೆಣಸನ್ನು ಅರೆದ ಕಲ್ಲುಗಳು ಹೋಗಿ ಕೂತವು. ನಿಮ್ಮ ಹಟ್ಟಿಯ ಹಿಂದಿನ ಎರಡು ಕಲ್ಲನ್ನೂ ನೀವು ಒಡೆದಿಲ್ಲ, ಯಾರಿಗೂ ಕೊಟ್ಟೂ ಇಲ್ಲ ಅಲ್ಲವೇ? ಯಾಕೆ ಅಂತ ಒಮ್ಮೆ ಯೋಚಿಸಿ. ಆ ಪ್ರಶ್ನೆಯಿಂದಲೇ ಈ ಕೃತಿ ಹುಟ್ಟಿದ್ದು. ನೋಡುವವರು ಒಂದು ಕಲ್ಲನ್ನು ನೋಡಿದರೆ ಹಳೇ ಸಾಮಾನು ಅಂದುಕೊಂಡು ಮುಂದೆ ಹೋಗುತ್ತಾರೆ. ನೂರೆಪ್ಪತ್ತು ಅಡುಗೆಮನೆಗಳು ಒಟ್ಟಿಗೆ ಬೀದಿಗೆ ಬಿದ್ದದ್ದು ಕಂಡಾಗ ಹಾಗೆ ಮುಂದೆ ಹೋಗುವುದು ಕಷ್ಟ.

ಅದೇ ಬಿನಾಲೆಯಲ್ಲಿ ನಿಮಗೆ ಇನ್ನೂ ಹತ್ತಿರದ ಇನ್ನೊಂದು ವಸ್ತು ಇತ್ತು: ಮಂಗಳೂರು ಹಂಚು. ಅದನ್ನು ತಂದವರು ನಮ್ಮ ಕರಾವಳಿಯವರೇ, ಕುಂದಾಪುರದ ಕೋಟೇಶ್ವರದ ಎಲ್. ಎನ್. ತಲ್ಲೂರು. ಹಂಚಿನ ಮಾಡು, ಅದರ ಮೇಲೆ ಹಠಯೋಗದ ಆಸನಗಳಲ್ಲಿ ಮೈ ತಿರುಚಿಕೊಂಡ, ಅದೇ ಕೆಂಪಿನ ಮಣ್ಣಿನ ಪುಟ್ಟ ಪುಟ್ಟ ಮನುಷ್ಯರು. ಹೆಸರು 'ವೇನಿ, ವಿಡಿ, ವಿಚಿ'. ಬಂದೆ, ಕಂಡೆ, ಗೆದ್ದೆ ಎಂದ ಸೀಸರನ ಮಾತು. ನಮ್ಮ ಹಂಚು ಕೂಡ ಹಾಗೇ ಬಂದು ಗೆದ್ದದ್ದಲ್ಲವೇ? 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೇತ್ರಾವತಿಯ ದಂಡೆಯಲ್ಲಿ ಮೊದಲ ಕಾರ್ಖಾನೆ ಹಾಕಿದರು. ಜರ್ಮನಿಯ ಪ್ಲೆಬ್‌ಸ್ಟ್ ಎಂಬವರ ಉಸ್ತುವಾರಿ, ಯುರೋಪಿನ ಅಚ್ಚು, ನಮ್ಮ ಹೊಳೆಯ ಆವೆಮಣ್ಣು. ಮುಳಿಹುಲ್ಲು, ಸೋಗೆ ಹೊದೆಸುತ್ತಿದ್ದ ಮಾಡುಗಳನ್ನೆಲ್ಲ ಅದು ನಿಧಾನಕ್ಕೆ ಗೆದ್ದಿತು, ಕಡಲು ದಾಟಿಯೂ ಹೋಯಿತು. ಈಗ ಅದನ್ನು ತಾರಸಿ ಮತ್ತು ಶೀಟು ಗೆಲ್ಲುತ್ತಿವೆ. ನಿಮ್ಮ ಹಳೆ ಮನೆಯ ಹಂಚೊಂದನ್ನು ಕೆಳಗಿಳಿಸಿ ಮಗುಚಿ ನೋಡಿ. ಕಾರ್ಖಾನೆಯ ಹೆಸರು, ಊರು ಉಬ್ಬಕ್ಷರದಲ್ಲಿ ಇರುತ್ತದೆ. ಬೇರೆ ದೇಶದ ಯೋಗಪ್ರೇಮವೂ ನಮ್ಮ ಹಂಚೂ ಒಂದೇ ಮಾಡಿನ ಮೇಲೆ ಕೂತಾಗ ಯಾರು ಬಂದರು, ಯಾರು ಗೆದ್ದರು ಎಂಬ ಲೆಕ್ಕ ಅಷ್ಟು ಸುಲಭಕ್ಕೆ ಹೊಂದುವುದಿಲ್ಲ. ತಲ್ಲೂರರ ಕೆಲಸದಲ್ಲಿ ಸದಾ ಇಂಥದೊಂದು ಕಳ್ಳನಗೆ ಇರುತ್ತದೆ.

ಹಾಗಾಗಿ ನಿಮಗೆ ಶೀಲಾ ಮತ್ತು ತಲ್ಲೂರು, ಈ ಇಬ್ಬರ ಬಗ್ಗೆಯೇ ಬರೆಯೋಣ ಅಂದುಕೊಂಡೆ. ಒಬ್ಬರು ಘಟ್ಟದ ಮೇಲಿನವರು, ಒಬ್ಬರು ಘಟ್ಟದ ಕೆಳಗಿನವರು. ಇಬ್ಬರೂ ಚಿತ್ರ ಬಿಡಿಸುವುದನ್ನು ಕಲಿತು, ಆಮೇಲೆ ಅದರಿಂದ ಆಚೆ ಹೋದವರು.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ತಂದೆ ಸರಕಾರಿ ಅಧಿಕಾರಿ; ಜನಪದ ಹಾಡುಗಳನ್ನೂ ಹಳ್ಳಿಯ ವಸ್ತುಗಳನ್ನೂ ಸಂಗ್ರಹಿಸುವ ಆಸಕ್ತಿ ಇದ್ದವರು. ಹಾಗಾಗಿ ಪೇಟೆ, ಹಳ್ಳಿ ಎರಡೂ ಕಂಡ ಬಾಲ್ಯ. ಬೆಂಗಳೂರಿನಲ್ಲಿ ಆರ್. ಎಂ. ಹಡಪದ ಅವರು ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಓದು, ಅಲ್ಲಿಂದ ಶಾಂತಿನಿಕೇತನ, ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. 1986ರಲ್ಲಿ ಅಲ್ಲಿ ಎಂ.ಎ. ಮುಗಿಯಿತು. ಅಲ್ಲಿವರೆಗೆ ಮಾಡಿದ್ದೆಲ್ಲ ಚಿತ್ರಕಲೆ, ಎಣ್ಣೆಬಣ್ಣ, ಕ್ಯಾನ್‌ವಾಸ್. ಊರಿಗೆ ಮರಳಿ ಕೆಲವು ವರ್ಷವಾಗುವ ಹೊತ್ತಿಗೆ ದೇಶದಲ್ಲಿ 1992ರ ಡಿಸೆಂಬರ್ ಬಂತು, ಕೋಮುಗಲಭೆಯಲ್ಲಿ ಮುಂಬಯಿ ಹೊತ್ತಿ ಉರಿಯಿತು. ಆ ದಿನಗಳ ಸುತ್ತಮುತ್ತ ಅವರು ಕುಂಚ ಬಿಟ್ಟು ಸೆಗಣಿಗೆ ಕೈ ಹಾಕಿದರು.

ಹೌದು ಅಕ್ಕಾ, ಸೆಗಣಿ. ನೀವು ಮುಖ ಸಿಂಡರಿಸುವವರಲ್ಲ, ನನಗೆ ಗೊತ್ತು. ಅಡಕೆ ಹರಡುವ ಮೊದಲು ಅಂಗಳ ಕೆತ್ತಿ, ಬಡಿದು, ಸೆಗಣಿ ಸಾರಿಸುತ್ತಿದ್ದ ಕೈ ನಿಮ್ಮದು. ಅದೆಷ್ಟು ನೀರು ಬೇಕು, ಎಷ್ಟು ತೆಳುವಾದರೆ ಬಿರಿಯುವುದಿಲ್ಲ, ಬಿಸಿಲಿಗೆ ಅದರ ಹಸಿರು ಯಾವಾಗ ಬೂದಿಗೆ ತಿರುಗುತ್ತದೆ, ಇದೆಲ್ಲ ನಿಮಗೆ ಗೊತ್ತು. ಲಂಡನ್ನಿನ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೆಗಣಿ ಪೂಜೆಗೂ ಬೇಕು, ಒಲೆಗೂ ಬೇಕು. ಅದನ್ನು ಎತ್ತುವವರು, ತಟ್ಟುವವರು ಹೆಚ್ಚಾಗಿ ಹೆಂಗಸರು. ದನದ ಹೆಸರಿನಲ್ಲಿ ಜಗಳ ಕಾಯುವ ದೇಶದಲ್ಲಿ ಆ ವಸ್ತು ಒಮ್ಮೆಲೇ ಎಷ್ಟೊಂದು ಮಾತಾಡುತ್ತದೆ ನೋಡಿ. ಶೀಲಾ ಅದರಲ್ಲಿ ಇಟ್ಟಿಗೆ ಮಾಡಿದರು, ಸಾಲು ಜೋಡಿಸಿದರು, ಸಾಲಿನ ನಡುವಿನ ಬಿರುಕಿಗೆ ಕುಂಕುಮದ ಕೆಂಪು ತುಂಬಿದರು. ಒಂದು ಗಾಯ ಕಂಡಂತಾಯಿತು. ಎಲ್ಲೂ ಗಲಭೆಯ ಚಿತ್ರ ಬರೆಯಲಿಲ್ಲ, ಘೋಷಣೆ ಕೂಗಲಿಲ್ಲ.

ಅವರ ಕೆಲಸಗಳಲ್ಲಿ ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು 1998ರ ಸುಮಾರಿಗೆ ಮಾಡಿದ್ದು. ಇಂಗ್ಲಿಷಿನಲ್ಲಿ ಅದರ ಹೆಸರು 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್'. ಮಾಡಿದ ಕ್ರಮ ಹೇಳುತ್ತೇನೆ ಕೇಳಿ. ಒಂದು ಸೂಜಿ, ಒಂದು ಉದ್ದನೆಯ ನೂಲು. ನಾವು ಗುಂಡಿ ಹೊಲಿಯಲು ಪೋಣಿಸುತ್ತೇವಲ್ಲ, ಒಂದು ಮೊಳ, ಹಾಗಲ್ಲ. ಕೋಣೆಯ ಉದ್ದಕ್ಕೂ ನಡೆದು ಹೋಗಿ ಬರಬೇಕಾದಷ್ಟು ಉದ್ದ. ಆ ಇಡೀ ನೂಲು ಸೂಜಿಯ ಕಣ್ಣಿನೊಳಗಿಂದ ಹಾದು ಹೋಗಬೇಕು, ಸೂಜಿ ನಟ್ಟನಡುವಿಗೆ ಬಂದು ನಿಲ್ಲುವವರೆಗೆ. ಆಗ ಎರಡೂ ತುದಿ ಸೇರಿಸಿ ಜೋಡಿ ಎಳೆ. ಅಂಥ ಹತ್ತಾರು ಸೂಜಿ, ಹತ್ತಾರು ಜೋಡಿ ಎಳೆ. ಎಲ್ಲವನ್ನೂ ಒಟ್ಟು ಹಿಡಿದು, ಅಂಟು ಮತ್ತು ಕುಂಕುಮ ಕಲಸಿದ ರಾಡಿಯನ್ನು ಬರಿಗೈಯಲ್ಲಿ ಸವರುತ್ತಾ, ಹಿಂಡುತ್ತಾ ಹೋದರೆ ಕೆಂಪು ಹಗ್ಗವಾಗುತ್ತದೆ. ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ನೇತಾಡುತ್ತವೆ. ಆ ಹಗ್ಗ ಗ್ಯಾಲರಿಯ ಗೋಡೆ ಹತ್ತಿ, ನೆಲಕ್ಕಿಳಿದು, ಸುತ್ತಿಕೊಂಡು ಬಿದ್ದಿರುತ್ತದೆ. ಕರುಳು ಅನ್ನಿ, ಹೊಕ್ಕುಳಬಳ್ಳಿ ಅನ್ನಿ, ಏನೂ ಅನ್ನದೆ ನೋಡಿದರೂ ಆದೀತು. ಹೆಂಗಸರ ಕೈಕೆಲಸ ಅಂತ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಕೆಲಸವನ್ನು ಅದು ತಾಳಲಾರದಷ್ಟು ಉದ್ದಕ್ಕೆ ಎಳೆದು ತೋರಿಸುತ್ತದೆ.

ಆಮೇಲೆ ಬಂದದ್ದು 'ಬಿಹೋಲ್ಡ್', 2009ರ ವೆನಿಸ್ ಬಿನಾಲೆಗೆ. ಬೆಂಗಳೂರಿನ ಲಾರಿ, ಕಾರುಗಳ ಬಂಪರಿಗೆ ದೃಷ್ಟಿ ತಾಗದಿರಲೆಂದು ಕಪ್ಪು ಹಗ್ಗ ಕಟ್ಟುತ್ತಾರಲ್ಲ, ಅದು ತಲೆಕೂದಲಿನ ಹಗ್ಗ. ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲಿನದ್ದು. ಸುಮಾರು ನಾಲ್ಕು ಕಿಲೋಮೀಟರಿನಷ್ಟು ಆ ಹಗ್ಗ ತಂದು, ಅದರಲ್ಲಿ ಕಾರಿನ ಸ್ಟೀಲ್ ಬಂಪರುಗಳನ್ನು ತೂಗುಹಾಕಿದರು. ಕೂದಲು ಕಬ್ಬಿಣವನ್ನು ಹೊತ್ತು ನಿಂತಿತು. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಡಾಂಬರು ಡ್ರಮ್ಮುಗಳನ್ನು ಬಡಿದು ಚಪ್ಪಟೆ ಮಾಡಿ ಅದರಲ್ಲೇ ಗುಡಿಸಲು ಕಟ್ಟಿಕೊಳ್ಳುವ ರಸ್ತೆ ಕೂಲಿಗಳನ್ನು ನೋಡಿ ಅದೇ ಡ್ರಮ್ಮಿನಲ್ಲಿ ಮಾಡಿದ ಕೆಲಸಗಳೂ ಇವೆ. 2019ರಲ್ಲಿ ಅವರಿಗೆ ಮರಿಯಾ ಲಾಸ್‌ನಿಗ್ ಪ್ರಶಸ್ತಿ ಬಂತು. ವೃತ್ತಿಬದುಕಿನ ನಡುಘಟ್ಟದಲ್ಲಿರುವ ಕಲಾವಿದರಿಗೆ ಕೊಡುವ ಪ್ರಶಸ್ತಿ ಅದು. ಭಾವನವರು ಸಂಬಳದ ಲೆಕ್ಕ ಕೇಳುವಾಗ ಇದನ್ನೂ ಹೇಳಿಬಿಡಿ: ಸೆಗಣಿಗೆ ಕೈ ಹಾಕಿ ಇಪ್ಪತ್ತೈದು ವರ್ಷ ಮೀರಿದ ಮೇಲೆ.

ಇನ್ನು ತಲ್ಲೂರು. 1971ರಲ್ಲಿ ಹುಟ್ಟಿದವರು. ನಿಮ್ಮ ಮಗಳು ಸೇರಬೇಕೆಂದಿರುವ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಲ್ಲರ ಬಾಯಲ್ಲಿ 'ಕಾವಾ', ಅಲ್ಲೇ ಪದವಿ ಮಾಡಿದವರು. ಅಲ್ಲಿಂದ ಬರೋಡಕ್ಕೆ ಹೋದರು, ಅಲ್ಲಿ ಓದಿದ್ದು ವಸ್ತುಸಂಗ್ರಹಾಲಯ ಶಾಸ್ತ್ರ. ಆಮೇಲೆ ಇಂಗ್ಲೆಂಡಿನ ಲೀಡ್ಸಿನಲ್ಲಿ ಸಮಕಾಲೀನ ಕಲೆಯ ಎಂ.ಎ. ಈಗ ಕುಂದಾಪುರದ ಕಡೆ ಒಂದು ಕಾಲು, ದಕ್ಷಿಣ ಕೊರಿಯಾದಲ್ಲಿ ಒಂದು ಕಾಲು.

ಆ ಮ್ಯೂಸಿಯಮ್ಮಿನ ಓದು ಅವರ ಕೆಲಸದ ಬೆನ್ನೆಲುಬು ಅಂತ ನನ್ನ ಲೆಕ್ಕ. ಹಳೆಯದು ಯಾವಾಗ ಪೂಜ್ಯವಾಗುತ್ತದೆ, ಯಾವಾಗ ಗುಜರಿಯಾಗುತ್ತದೆ, ಯಾವಾಗ ಗಾಜಿನ ಪೆಟ್ಟಿಗೆಯೊಳಗೆ ಹೋಗುತ್ತದೆ, ಅವರು ಕೆದಕುವುದೆಲ್ಲ ಇದನ್ನೇ. 'ಯುನಿಕೋಡ್' ಎಂಬ ಕೃತಿಯಲ್ಲಿ ನಟರಾಜನ ಕಂಚಿನ ಪ್ರಭಾವಳಿ ಇದೆ, ಒಳಗೆ ನಟರಾಜನೇ ಇಲ್ಲ. ಅವನ ಜಾಗದಲ್ಲಿ ನಾಣ್ಯಗಳು ಹುದುಗಿದ ದೊಡ್ಡದೊಂದು ಕಾಂಕ್ರೀಟು ಉಂಡೆ. ಇನ್ನೊಂದರಲ್ಲಿ ಮರದ ದಿಮ್ಮಿ, ಪಕ್ಕದಲ್ಲಿ ಸುತ್ತಿಗೆ. ನೋಡಲು ಬಂದವರು ತಮ್ಮ ಜೇಬಿನ ನಾಣ್ಯ ತೆಗೆದು, ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು ಮರಕ್ಕೆ ಹೊಡೆಯಬೇಕು. ಮಡಿಕೇರಿ ಘಾಟಿ ಹತ್ತುವ ಮೊದಲು ಬಸ್ಸಿನವರು ದಾರಿಬದಿಯ ಕಾಣಿಕೆ ಡಬ್ಬಿಗೆ ಚಿಲ್ಲರೆ ಹಾಕಿ ಕೈ ಮುಗಿಯುವುದನ್ನು ನೋಡಿದ ನಮಗೆ ಇದರಲ್ಲಿ ಬಿಡಿಸಿ ಹೇಳಬೇಕಾದದ್ದು ಏನೂ ಇಲ್ಲ. ನ್ಯೂಯಾರ್ಕಿನವರಿಗೆ ಬೇಕಾಗಬಹುದು. ನಾಣ್ಯ ತಿಕ್ಕಿ ಹೊಳಪು ಮಾಡುವ ಯಂತ್ರವನ್ನೂ ತಂದು ನಿಲ್ಲಿಸಿದ್ದರು ಪುಣ್ಯಾತ್ಮ! 2012ರ ಸ್ಕೋಡಾ ಪ್ರಶಸ್ತಿ ಅವರದ್ದಾಯಿತು.

2019ರದ್ದೊಂದು ವಿಡಿಯೋ ಇದೆ, 'ಇಂಟರ್‌ಫಿಯರೆನ್ಸ್'. ಗುಜರಾತಿನ ಜುನಾಗಢದ ಮ್ಯೂಸಿಯಮ್ಮಿನ ಹಳೆಯ ಜಮಖಾನೆಯನ್ನು ನೇತುಹಾಕಿ ಕೋಲಿನಿಂದ ಬಡಿದು ಧೂಳು ಕೊಡವುತ್ತಾರೆ. ಅಷ್ಟೇ. ಆದರೆ ಅದನ್ನು ತೀರ ನಿಧಾನಗತಿಯಲ್ಲಿ ತೋರಿಸಿದ್ದಾರೆ. ಪ್ರತಿ ಏಟಿಗೂ ಜಮಖಾನೆ ಅಲೆಯೆದ್ದು ನಡುಗುತ್ತದೆ, ಧೂಳು ಮೋಡವಾಗಿ ಏಳುತ್ತದೆ. ನವಾಬರ ಕಾಲದಿಂದ ಯಾರ್ಯಾರ ಕಾಲಧೂಳೋ ಅದು. ನಿಮ್ಮ ಮಗಳಿಗೆ ಹೇಳಿ, ಹುಡುಕಿ ನೋಡಲಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ: ಇಬ್ಬರು ಕಲಾವಿದರು ಕೂತು ಏನು ಮಾತಾಡುತ್ತಾರೆ? ಬೆಂಗಳೂರಿನ ಶಾಂತಿನಗರದಲ್ಲಿ '1 ಶಾಂತಿರೋಡ್' ಅಂತ ಒಂದು ಜಾಗ ಉಂಟು. ಸುರೇಶ್ ಜಯರಾಮ್ ಅವರು 2003ರಲ್ಲಿ ಶುರುಮಾಡಿದ್ದು. ಅಲ್ಲಿ ಕಲಾವಿದರು ಬಂದು ಉಳಿಯುತ್ತಾರೆ, ಕೆಲಸ ಮಾಡುತ್ತಾರೆ, ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿ ತಮ್ಮ ಕೆಲಸದ ಬಗ್ಗೆ ಮಾತಾಡುತ್ತಾರೆ. ಅಂಥ ಕಡೆ ನಾನು ಕಿವಿಗೊಟ್ಟು ಕೇಳಿದ್ದು ಇಷ್ಟು. ವೇದಿಕೆಯ ಮೇಲೆ ಇರುವಾಗ 'ಅಸ್ಮಿತೆ', 'ಸ್ಮೃತಿ', 'ಅವಕಾಶ' ಎಲ್ಲ ಬರುತ್ತದೆ. ಕೆಳಗಿಳಿದು ಚಹಾ ಲೋಟ ಹಿಡಿದ ಕೂಡಲೇ ಮಾತು ಬದಲಾಗುತ್ತದೆ. ಆ ಕೂದಲು ಎಲ್ಲಿ ಸಿಕ್ಕಿತು, ಕಿಲೋಗೆ ಎಷ್ಟು ಹೇಳಿದ? ಎರಕದವನು ಹೇಳಿದ ದಿನಕ್ಕೆ ಕೊಟ್ಟನೇ? ಮಳೆಗಾಲದಲ್ಲಿ ಅಂಟು ಒಣಗದಿದ್ದರೆ ಏನು ಮಾಡಿದಿರಿ? ಹಡಗಿಗೆ ಹಾಕುವಾಗ ಪ್ಯಾಕಿಂಗ್ ಯಾರು ಮಾಡಿದರು? ಗೆದ್ದಲು ಹಿಡಿಯಲಿಲ್ಲವೇ? ನಿಮ್ಮ ಕಡೆ ಇಬ್ಬರು ತೋಟದವರು ಬೆಳ್ಳಾರೆ ಪೇಟೆಯಲ್ಲಿ ಸಿಕ್ಕಿದಾಗ ಅಡಕೆ ಧಾರಣೆ, ಕೊಳೆರೋಗಕ್ಕೆ ಬಿಟ್ಟ ಮದ್ದು, ಕೊಯ್ಲಿಗೆ ಜನ ಸಿಕ್ಕಿದರೋ ಇಲ್ಲವೋ ಅಂತ ಮಾತಾಡುವುದಿಲ್ಲವೇ, ಬಹುತೇಕ ಅದೇ ಧಾಟಿ. ಕೃತಿಯ ಅರ್ಥ ಏನು ಅಂತ ಒಬ್ಬರು ಇನ್ನೊಬ್ಬರನ್ನು ಕೇಳಿದ್ದು ನಾನು ಕಂಡದ್ದು ಕಡಿಮೆ. ಅದನ್ನು ಕೇಳುವವರು ನಮ್ಮಂಥ ಬರೆಯುವವರು.

ಶೀಲಾ ಮತ್ತು ತಲ್ಲೂರು ಹಾಗೆ ನಿಮ್ಮ ಜಗಲಿಯಲ್ಲಿ ಕೂತರೆ ಎಲ್ಲಿ ಒಪ್ಪುತ್ತಾರೆ, ಎಲ್ಲಿ ಜಗಳ ಬರುತ್ತದೆ ಎಂದು ಯೋಚಿಸುವುದು ನನಗೊಂದು ಖುಷಿ. ಕೈ ಯಾರದು ಎಂಬಲ್ಲಿ ಖಂಡಿತ ಭೇದ ಬರುತ್ತದೆ. ಶೀಲಾ ಅವರ ಕೆಲಸದಲ್ಲಿ ಮೈಮುರಿದು ದುಡಿಯುವುದೇ ದೊಡ್ಡ ಪಾಲು. ಎಳೆಯುವುದು, ಸವರುವುದು, ಗಂಟಿಕ್ಕುವುದು, ಮತ್ತೆ ಮತ್ತೆ ಅದೇ. ತಲ್ಲೂರು ಎರಕದವರು, ಮರ ಕೆತ್ತುವವರು, ಯಂತ್ರ ಜೋಡಿಸುವವರು ಹೀಗೆ ಪಳಗಿದ ಕೈಗಳನ್ನು ಸೇರಿಸಿಕೊಳ್ಳುತ್ತಾರೆ, ಕೊನೆಯ ಏಟನ್ನು ನೋಡಲು ಬಂದವನ ಕೈಯಲ್ಲೇ ಹೊಡೆಸುತ್ತಾರೆ. ಒಬ್ಬರದು ಮೌನ, ಒಬ್ಬರದು ತಮಾಷೆ. ನನ್ನನ್ನು ಕೇಳಿದರೆ, ತಲ್ಲೂರರ ಕೆಲವು ಕೃತಿಗಳಲ್ಲಿ ತಮಾಷೆ ಬೇಗ ಅರ್ಥವಾಗಿಬಿಡುತ್ತದೆ. ಶೀಲಾರ ಕೆಲವು ಕೃತಿಗಳು ಹಿನ್ನೆಲೆ ಗೊತ್ತಿಲ್ಲದಿದ್ದರೆ ಬಾಯಿ ಬಿಡುವುದೇ ಇಲ್ಲ. ಆದರೆ ಇಬ್ಬರಿಗೂ ಒಂದು ವಿಷಯದಲ್ಲಿ ಅನುಮಾನ ಇರಲಾರದು. ವಸ್ತುವನ್ನು ಆರಿಸಿಕೊಂಡ ಮೇಲೆ ಅದನ್ನು ಬಳಸುವ ಜನ ಏನು ಮಾಡುತ್ತಾರೋ ಅದನ್ನು ಪೂರ್ತಿ ಕಲಿಯಬೇಕು. ಸೆಗಣಿ ತಟ್ಟುವವಳಿಗೆ ಗೊತ್ತಿರುವುದು, ಹಂಚು ಸುಡುವವನಿಗೆ ಗೊತ್ತಿರುವುದು ಮೊದಲು ತಮಗೆ ಗೊತ್ತಾಗಬೇಕು. ಕಲೆ ಶುರುವಾಗುವುದು ಅದಾದ ಮೇಲೆ.

ಇಷ್ಟೆಲ್ಲ ವೆನಿಸ್, ಲಂಡನ್ ಅಂತ ಬರೆದು ನಿಮ್ಮನ್ನು ಹೆದರಿಸಿದೆನೋ ಏನೋ. ಸುಳ್ಯದಿಂದ ನಿಮ್ಮಲ್ಲಿಗೆ ಬರುವ ದಾರಿಯಲ್ಲೇ ಸೋಣಂಗೇರಿ ಸಿಗುತ್ತದಲ್ಲ. ಅಲ್ಲಿಯ ಮೋಹನ ಸೋಣ ಅವರನ್ನು ನೀವು ಬಲ್ಲಿರಿ. ಚಿತ್ರಕಲೆ, ರಂಗಭೂಮಿ ಎರಡರಲ್ಲೂ ಕೈಯಾಡಿಸಿದವರು, 2020ರಲ್ಲಿ ತೀರಿಕೊಂಡರು. ಕಲೆ ಬೇಕಾದರೆ ಊರು ಬಿಡಲೇಬೇಕು ಅನ್ನುವವರಿಗೆ ಅವರ ಹೆಸರು ಹೇಳಬಹುದು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಕಾದಂಬರಿಯ ಜೊತೆಗೆ ಚಿತ್ರ, ನೃತ್ಯ, ಸಿನಿಮಾ ಅಂತ ಕೈ ಸುಟ್ಟುಕೊಂಡದ್ದೂ ಇದೇ ಮಣ್ಣಿನಲ್ಲಿ.

ಹೊಟ್ಟೆಪಾಡಿನ ಮಾತು ಬಿಟ್ಟರೆ ಭಾವನವರು ಈ ಕಾಗದವನ್ನು ಒಲೆಗೆ ಹಾಕಿಯಾರು. ಇದ್ದದ್ದು ಇದ್ದಹಾಗೆ ಹೇಳುತ್ತೇನೆ. ಕಲಾಶಾಲೆಯಲ್ಲಿ ಓದಿದವರಲ್ಲಿ ಬರಿಯ ಕೃತಿ ಮಾರಿ ಬದುಕುವವರು ಬೆರಳೆಣಿಕೆ. ಉಳಿದವರು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗುತ್ತಾರೆ, ಅನಿಮೇಶನ್, ಜಾಹೀರಾತು, ಪುಸ್ತಕದ ಮುಖಪುಟ, ನಾಟಕ-ಸಿನಿಮಾದ ಸೆಟ್ಟು, ಮ್ಯೂಸಿಯಮ್ಮು, ಮದುವೆ ಮಂಟಪ ಹೀಗೆ ಕವಲೊಡೆಯುತ್ತಾರೆ. ಹಗಲು ಅದು, ರಾತ್ರಿ ತಮ್ಮದು. ಹತ್ತು ವರ್ಷ ಹೀಗೆ ನಡೆಸುವ ತಾಳ್ಮೆ ಇದ್ದವರು ನಿಲ್ಲುತ್ತಾರೆ. ಆದರೆ ಅಡಕೆಯನ್ನೇ ನಂಬಿ ಕೂರುವ ಕಾಲವೂ ಈಗಿಲ್ಲವಲ್ಲ ಅಕ್ಕಾ. ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆರೋಗಕ್ಕೆ ತೋಟಕ್ಕೆ ತೋಟವೇ ಹೋದದ್ದನ್ನು ಭಾವನವರು ನನಗಿಂತ ಚೆನ್ನಾಗಿ ಬಲ್ಲರು, ಈಗ ಎಲೆಚುಕ್ಕಿ ಬೇರೆ. ಬಿಕಾಂ ಮಾಡಿದವರೆಲ್ಲ ಬೆಂಗಳೂರಿನಲ್ಲಿ ಏನು ಮಾಡುತ್ತಿದ್ದಾರೆ ಎಂದೂ ಒಮ್ಮೆ ವಿಚಾರಿಸಿ ನೋಡಲಿ.

ಒಂದು ಮಾತು ಮಗಳಿಗೆ. ಹೈಯರ್ ಗ್ರೇಡಿನ ಹೂಕುಂಡ, ನೆರಳು-ಬೆಳಕು ಎಲ್ಲ ಬೇಕು, ಬಿಡಬಾರದು. ಜೊತೆಗೆ ಮನೆಯಲ್ಲಿ ದಿನಾ ಕೈಗೆ ಸಿಗುವ ಒಂದು ವಸ್ತುವನ್ನು ಹಿಡಿದು ಕೂರಲಿ. ಅಡಕೆ ಹಾಳೆ ಇದೆ, ಸೋಗೆ ಇದೆ, ಅಡಕೆ ಸಿಪ್ಪೆ ಇದೆ, ಹಂಚಿನ ಚೂರು ಇದೆ. ಹಾಳೆಯನ್ನು ನೆನೆಸಿದರೆ ಎಷ್ಟು ಬಾಗುತ್ತದೆ, ಯಾವಾಗ ಸೀಳುತ್ತದೆ, ಎಷ್ಟು ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಅದರ ಒಳಮೈ ಮೇಲೆ ಮಸಿ ನಿಲ್ಲುತ್ತದೋ ಹರಡುತ್ತದೋ, ಎಲ್ಲ ಮಾಡಿ ನೋಡಲಿ, ಬರೆದಿಡಲಿ. ಹಾಳೆಯ ಟೊಪ್ಪಿ, ಮುಟ್ಟಾಳೆ, ಕಟ್ಟಲು ಬರುವ ಅಜ್ಜಂದಿರು ಊರಿನಲ್ಲಿ ಇನ್ನೂ ಇದ್ದರೆ ಅವರ ಹತ್ತಿರ ಒಂದೆರಡು ಮಧ್ಯಾಹ್ನ ಕೂತು ಕಲಿಯಲಿ. ಕಾಲೇಜಿನಲ್ಲಿ ಬಣ್ಣ, ರೇಖೆ, ಕಲೆಯ ಚರಿತ್ರೆ ಕಲಿಸುತ್ತಾರೆ. ಇದನ್ನು ಅಲ್ಲಿ ಕಲಿಸುವವರು ಸಿಗುವುದಿಲ್ಲ.

ಕಾವಾದ ಪ್ರವೇಶದ ವಿವರ ಕಾಲೇಜಿನಿಂದಲೇ ಕೇಳಿ ತಿಳಿಯುವುದು ಒಳ್ಳೆಯದು. ಹಾಸ್ಟೆಲ್ ಬಗ್ಗೆಯೂ ಆಗಲೇ ವಿಚಾರಿಸಿಕೊಳ್ಳಿ. ಹೊರಡುವುದಾದರೆ ಸುಳ್ಯದಿಂದ ಬೆಳಗ್ಗಿನ ಬಸ್ಸಿಗೆ ಹೊರಡಿ, ಮಡಿಕೇರಿ ದಾಟಿ ಮಧ್ಯಾಹ್ನದೊಳಗೆ ಮೈಸೂರು ತಲುಪುತ್ತೀರಿ. ಭಾವನವರನ್ನೂ ಕರೆದುಕೊಂಡು ಬನ್ನಿ. ಕಾಲೇಜಿನ ಶಿಲ್ಪ ವಿಭಾಗದ ಅಂಗಳವನ್ನು ಅವರು ಒಮ್ಮೆ ನೋಡಬೇಕು. ಮಕ್ಕಳು ಮೈಯೆಲ್ಲ ಧೂಳು ಮಾಡಿಕೊಂಡು ಕಲ್ಲು ಕುಟ್ಟುತ್ತಿರುತ್ತಾರೆ. ಇಷ್ಟು ಮೈಮುರಿದು ದುಡಿಯುವ ಪಿಳ್ಳೆಗಳನ್ನು ಅವರು ಈಚೆಗೆ ತೋಟದಲ್ಲಿಯೂ ಕಂಡಿರಲಿಕ್ಕಿಲ್ಲ. ಊಟ ನಮ್ಮಲ್ಲೇ. ಕುಚ್ಚಲಕ್ಕಿ ಇಲ್ಲಿ ಒಳ್ಳೆಯದು ಸಿಗುವುದಿಲ್ಲ, ಬರುವಾಗ ಒಂದೆರಡು ಸೇರು ತಂದರೆ ಬೇಡ ಅನ್ನುವುದಿಲ್ಲ.

ನಿಮ್ಮವ,
ಮೈಸೂರಿನಿಂದ